ತವರಿನ ಕಾರು ಸೋರಿದ್ದು

ನನ್ನ ಮದುವೆಯಲ್ಲಿ ಅಪ್ಪ ನಮ್ಮೆಜಮಾನರಿಗೆ ಒಂದು ಹಳೆಯ ಮೋಟಾರು ಕಾರು ಕೊಟ್ಟ. ಅಪ್ಪ ತನ್ನ ಜನ್ಮದಲ್ಲಿ ಮಾಡಿದ ಒಂದೇ ಒಂದು ದೊಡ್ಡಸ್ತಿಕೆಯ ಕೆಲಸ ಅದು. ಅದರಿಂದಾಗಿ ನಾನು ತಲೆ ತಗ್ಗಿಸಿದಷ್ಟು ಬೇರೆ ಯಾವುದರಿಂದಲೂ ತಗ್ಗಿಸಿಲ್ಲ.

ಅಪ್ಪನಿಗೆ ಚನ್ನಪಟ್ಟಣದಲ್ಲಿ ಬೆಲ್ಲದ ಮಂಡಿ ಇತ್ತು. ಬೆಂಗಳೂರು ದಂಡಿನಲ್ಲಿದ್ದ ಯಾರೋ ದೊರೆ ತನ್ನ ಸೀಮೆಗೆ ವಾಪಸು ಹೋಗುವಾಗ ಮಾರಿಹೋದ ಕಾರು ಅದು. ಅಪ್ಪ ಅದನ್ನು ಕೆಲವು ವರ್ಷ ಓಡಿಸಿದ, ಬಿಚ್ಚಿದ, ಜೋಡಿಸಿದ, ಎಣ್ಣೆ ಮಾಡಿಕೊಂಡ ಪಂಚೆಗಳಿಗಾಗಿ ಅಮ್ಮನಿಂದ ಬೈಸಿಕೊಂಡ. ಕೊನೆಗೆ ಬೀಗರ ಕಣ್ಣು ಕಾರಿನ ಮೇಲಿದೆ ಅಂತ ತಿಳಿದು, ಹೂವಿನ ಹಾರ ಹಾಕಿ ನನ್ನ ಜೊತೆಯಲ್ಲೇ ಅದನ್ನೂ ಕಳಿಸಿಕೊಟ್ಟ.

ನನ್ನನ್ನು ಕೊಟ್ಟದ್ದು ಕ್ಲೋಸ್‌ಪೇಟೆಗೆ. ಈಗ ರಾಮನಗರ ಅನ್ನುತ್ತಾರಲ್ಲ, ಅದೇ ಊರು. ರೇಷ್ಮೆ ನೂಲಿನ ವ್ಯಾಪಾರಸ್ಥರ ಮನೆ, ಲಿಂಗ ಕಟ್ಟಿದವರ ಮನೆ. ನಾನು ಹೋದ ಸ್ವಲ್ಪ ದಿನಕ್ಕೇ ಮಾವನವರು ಲಿಂಗೈಕ್ಯರಾದರು. ಅಲ್ಲಿಂದ ಮುಂದೆ ಮನೆಯ ಯಜಮಾನಿಕೆ ಅತ್ತೆಯದು. ಕಾರಿನ ವಿಚಾರದಲ್ಲಿ ಅವರದೊಂದು ಲೆಕ್ಕಾಚಾರವಿತ್ತು. ಓಡಿದ ದಿನ ಅದು 'ನಮ್ಮನೆ ಕಾರು'. ನಿಂತ ದಿನ 'ನಿನ್ನ ತವರಿನ ಕಾರು'. ಅದು ನಿಂತಾಗಲೆಲ್ಲ ನಾನು ಅಡಿಗೆಮನೆಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಕಾರು ನಿಲ್ಲುತ್ತಿದ್ದದ್ದು ಅಂಗಳದಲ್ಲಿ, ಜಗಲಿಯ ಮುಂದೆ. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುವುದು ನನ್ನ ಪಾಲಿನ ಕೆಲಸ. ಒಂದು ಬೇಸಿಗೆಯಲ್ಲಿ, ಕಾರಿನ ಮೂತಿಯ ಕೆಳಗೆ ಹಾಕಿದ ರಂಗೋಲಿ ದಿನಾ ಒಂದೇ ಕಡೆ ಕರಗಿಹೋಗತೊಡಗಿತು. ಮೊದಲು ನಾಯಿಯ ಮೇಲೆ ಅನುಮಾನಪಟ್ಟೆ. ಆಮೇಲೆ ಬಗ್ಗಿ ನೋಡಿದರೆ ಒಂದೊಂದೇ ಹನಿ, ತುಕ್ಕಿನ ಬಣ್ಣದ್ದು, ಇಂಜಿನ್ನಿನ ಪಕ್ಕದಿಂದ ಬೀಳುತ್ತಿತ್ತು. ಬೆರಳಲ್ಲಿ ಮುಟ್ಟಿ ಮೂಸಿದೆ. ಎಣ್ಣೆಯಲ್ಲ, ನೀರು. ನಮ್ಮೆಜಮಾನರಿಗೆ ಹೇಳಿದೆ.

"ಕಾರಂದ್ಮೇಲೆ ಒಸಿ ನೀರು ಬಿಡ್ತದೆ ಕಣೆ. ಎತ್ತು ಉಚ್ಚೆ ಉಯ್ಯಲ್ವ?" ಅಂದರು.

ಆ ಉತ್ತರಕ್ಕೆ ಅವರೇ ನಕ್ಕರು. ನನಗೆ ಮೈ ಉರಿಯಿತು. ಮಾರನೆಯ ದಿನ ಅದರ ಕೆಳಗೆ ಒಂದು ಹಿತ್ತಾಳೆ ತಟ್ಟೆ ಇಟ್ಟೆ. ಬೆಳಗಾಗುವಷ್ಟರಲ್ಲಿ ತುಂಬಿ ಹರಿದಿತ್ತು. ಅವರು ಬಾನೆಟ್ಟು ಎತ್ತಿ ಇಂಜಿನ್ನು ಓಡಲು ಬಿಟ್ಟು ನೋಡುವಾಗ ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಇಂಜಿನ್ನಿನ ಮಗ್ಗುಲಿಗೆ ಗುಂಡನೆಯ ಒಂದು ಕಬ್ಬಿಣದ ಡಬ್ಬಿ. ಅದೇ ನೀರಿನ ಪಂಪು. ಮುಂದಿನ ಪೆಟ್ಟಿಗೆಯಲ್ಲಿ ತಣಿದ ನೀರನ್ನು ಇಂಜಿನ್ನಿನೊಳಗೆ ತಳ್ಳುವುದು ಅದರ ಕೆಲಸ. ಅದರೊಳಕ್ಕೆ ಒಂದು ಕಂಬಿ ತಿರುಗುತ್ತಾ ಹೋಗುತ್ತದೆ. ಕಂಬಿ ಹೊಕ್ಕುವ ಕಡೆ ನೀರು ಆಚೆ ಬಾರದ ಹಾಗೆ ಜಿಡ್ಡು ಹಚ್ಚಿದ ಹಗ್ಗ ಸುತ್ತಿ, ಮೇಲೆ ಒಂದು ನಟ್ಟು ಬಿಗಿದಿರುತ್ತಾರೆ. ಆ ಕಂಬಿ ತಿರುಗುವಾಗ ಕೀರಲು ಸದ್ದು ಮಾಡುತ್ತಿತ್ತು, ಮತ್ತೆ ಸಣ್ಣಗೆ ಅಲ್ಲಾಡುತ್ತಿತ್ತು.

"ಅಲ್ಲಾಡ್ತಾ ಐತೆ ನೋಡಿ," ಅಂದೆ.

"ನಿನ್ ಕಣ್ಣು ಅಲ್ಲಾಡ್ತಾ ಐತೆ," ಅಂದು ಅವರು ನಟ್ಟು ಬಿಗಿದರು. ಸೋರುವುದು ನಿಂತಿತು. ಎರಡು ದಿನ ಬಿಟ್ಟು ಮತ್ತೆ ಸೋರಿತು. ಮತ್ತೆ ಬಿಗಿದರು. ಹೀಗೇ ಬಿಗಿದೂ ಬಿಗಿದೂ ಬಿಗಿಯಲು ಜಾಗವೇ ಉಳಿಯದೆ ಹೋದಾಗ ಲಾರಿ ರಿಪೇರಿ ಮಾಡುವ ಮೇಸ್ತ್ರಿಯೊಬ್ಬನನ್ನು ಕರೆಸಿದರು. ಆತ ಕಂಬಿಯನ್ನು ಸರಿಯಾಗಿ ನೋಡಲೂ ಇಲ್ಲ. ಬೀಡಿ ಸೇದುತ್ತಲೇ, "ಹಗ್ಗ ಹೋಗೈತೆ ಸ್ವಾಮಿ, ಚರ್ಬಿ ಹಗ್ಗ ಸುತ್ತುದ್ರೆ ಎಲ್ಲ ಸರಿಹೋಯ್ತದೆ," ಅಂದ.

ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ನಿಂತುಹೋಯಿತು.

"ಯಾವುದರ ಚರ್ಬಿ?"

"ಯಾವ್ದೋ ಒಂದು ದನದ್ದು ಕಣಮ್ಮ."

ಶಿವ ಶಿವಾ ಅಂತ ಅತ್ತೆ ಎದ್ದು ನಿಂತ ರಭಸಕ್ಕೆ ಮೇಸ್ತ್ರಿ ಬೀಡಿ ಬಿಸಾಕಿ ಹೊರಟೇಹೋದ. ಅತ್ತೆ ಅವನ ಬೆನ್ನು ನೋಡಲಿಲ್ಲ. ನನ್ನ ಮುಖ ನೋಡಿದರು. "ಹಂಗಾರೆ ಇಷ್ಟು ದಿನ ಇದರೊಳಗೆ ಏನಿತ್ತು? ನಿಮ್ಮಪ್ಪ ಏನ್ ಸುತ್ತಿ ಕೊಟ್ಟವ್ನೆ?"

ಕಾರು ನಿಂತರೆ ನಾಚಿಕೆಪಡುವುದು ನನಗೆ ರೂಢಿಯಾಗಿತ್ತು. ಈ ಮಾತು ಬೇರೆ ಥರದ್ದು. ನಮ್ಮಪ್ಪ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವನು. ಅವನು ಗೋವಿನ ಚರ್ಬಿ ಮುಟ್ಟಿದವನೋ ಅಲ್ಲವೋ ಅನ್ನುವ ಪ್ರಶ್ನೆ ಬೀಗರ ಮನೆಯ ಅಂಗಳದಲ್ಲಿ ಬಿತ್ತು. 'ಇಲ್ಲ' ಅನ್ನಬೇಕೆಂದು ಬಾಯಿ ತೆರೆದೆ. ಗೊತ್ತಿಲ್ಲದೆ ಹೇಗೆ ಅನ್ನಲಿ?

ಉಪಾಯ ಕಂಡುಹಿಡಿದವರೂ ಅತ್ತೆಯೇ. ಮನೆಯಲ್ಲಿ ರೇಷ್ಮೆ ನೂಲಿಗೆ ಬರವಿಲ್ಲ, ಕೊಟ್ಟಿಗೆಯಲ್ಲಿ ಹಸುವಿದ್ದ ಕರಾವಿನ ಮನೆಯಾದ್ದರಿಂದ ತುಪ್ಪಕ್ಕೂ ಬರವಿಲ್ಲ. ನೂಲು ಹೊಸೆದು, ತುಪ್ಪದಲ್ಲಿ ಅದ್ದಿ ಸುತ್ತಿದರಾಯಿತು, ಎರಡೂ ಮಡಿ! ಹುಳ ಬೇಯಿಸಿ ತೆಗೆದ ನೂಲು ಹೇಗೆ ಮಡಿಯಾಯಿತು ಅಂತ ನಾನು ಕೇಳಲಿಲ್ಲ. ಆ ಮನೆಯ ಅನ್ನ ಬರುತ್ತಿದ್ದದ್ದೇ ಅದರಿಂದ. ಹೊಸೆದು ಕೊಟ್ಟವಳು ನಾನು, ಸುತ್ತಿದವರು ನಮ್ಮೆಜಮಾನರು. ಒಂದು ದಿನ ಹನಿ ಬೀಳಲಿಲ್ಲ. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ತುಪ್ಪ ಬಿಸಿಗೆ ಕರಗುತ್ತದೆ ಅನ್ನುವುದು ದಿನಾ ಒಲೆಯ ಮುಂದೆ ಕೂರುವ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕರಗಿದ ತುಪ್ಪ ನೀರಿಗೆ ಸೇರಿ, ಕಾರು ಕಾದಾಗಲೆಲ್ಲ ಪೆಟ್ಟಿಗೆಯ ಬಾಯಿಂದ ಹಬ್ಬದ ಅಡಿಗೆಯ ವಾಸನೆ ಬರತೊಡಗಿತು. ಬೀದಿ ನಾಯಿಗಳು ಬಂದು ಅದರ ಮೂತಿ ನೆಕ್ಕುತ್ತಿದ್ದವು.

ಇಷ್ಟರಲ್ಲಿ ಮಾವನವರ ವರ್ಷದ ಗಣಾರಾಧನೆ ಬಂತು. ಕಾನಕಾನಹಳ್ಳಿಗೂ ಆಚೆ, ದೊಡ್ಡಆಲಹಳ್ಳಿಯ ದಿಕ್ಕಿನಲ್ಲಿ ಮನೆತನದ ಗುರುಗಳ ಮಠ. ಆ ಅಯ್ಯನವರು ಬಂದು ಪಾದಪೂಜೆಯಾಗಿ ಪಾದೋದಕ ಕೊಟ್ಟ ಮೇಲೇ ಬಂದವರಿಗೆಲ್ಲ ಊಟ. ಗಂಡ ಹೆಂಡತಿ ಜೋಡಿಯಾಗಿ ಹೋಗಿ ಫಲ ಕೊಟ್ಟು ಕರೆತರುವುದು ಪದ್ಧತಿ. "ಅಯ್ಯನೋರು ನಮ್ಮನೆ ಕಾರಲ್ಲೇ ಬರ್ಬೇಕು," ಅಂತ ಅತ್ತೆ ಹಟ ಹಿಡಿದರು. ಗಂಡನನ್ನು ಕಳೆದುಕೊಂಡ ಹೆಂಗಸು, ನೆಂಟರ ಮುಂದೆ ಅದೊಂದು ಮರ್ಯಾದೆ ಬಯಸಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಗಾಡಿ ಕಟ್ಟಿಸೋಣ ಅಂತ ನಾನು ಮೆಲ್ಲಗೆ ಅಂದದ್ದಕ್ಕೆ, "ತವರಿನ ಕಾರು ಕೊಡೋಕೆ ಹೊಟ್ಟೆ ಉರೀತದಾ?" ಅಂದರು. ಬಾಯಿ ಮುಚ್ಚಿಕೊಂಡು ಹತ್ತಿ ಕೂತೆ.

ಬೆಳಗಿನ ತಂಪಿನಲ್ಲಿ, ಅಲ್ಲಲ್ಲಿ ನೀರು ತುಂಬಿಸಿಕೊಂಡು ಹೇಗೋ ಮಠ ತಲುಪಿದೆವು. ವಾಪಸು ಬರುವಾಗ ಹಿಂದಿನ ಸೀಟಿಗೆ ಹೊಸ ಕಂಬಳಿ ಹಾಸಿ ಅಯ್ಯನವರನ್ನು ಕೂರಿಸಿದೆವು. ಅವರ ಸಮಕ್ಕೆ ನಾನು ಕೂರುವಂತಿಲ್ಲ. ಹಾಗಾಗಿ ಮುಂದೆ, ಗಂಡನ ಪಕ್ಕದಲ್ಲಿ, ಕಾರಿಗೆ ನೀರು ತುಂಬುವ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದಾರಿಯ ಹೊಲದವರೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡಿದರು.

ಕಾನಕಾನಹಳ್ಳಿ ದಾಟಿ ಮೊದಲ ಏರು ಹತ್ತುವಷ್ಟರಲ್ಲಿ ಪೆಟ್ಟಿಗೆಯ ಬಾಯಿಂದ ಹಬೆ ಎದ್ದಿತು.

"ಯಾರ ಮನೇಲೋ ಒಬ್ಬಟ್ಟು ಮಾಡ್ತಾವ್ರೆ," ಅಂದರು ಅಯ್ಯನವರು, ಮೂಗರಳಿಸಿ. ಸುತ್ತ ಮನೆ ಹಾಗಿರಲಿ, ಒಂದು ಗುಡಿಸಲೂ ಇರಲಿಲ್ಲ.

ಕಾರು ತಣಿಯುವ ತನಕ ಕಾದು, ಉರುಳಿಸಿಕೊಂಡು ಹೋಗಿ ಒಂದು ಹಳ್ಳಿಯ ಮುಂದೆ ನಿಲ್ಲಿಸಿದೆವು. ನಾನು ಕೊಡ ಹಿಡಿದು ಬಾವಿಯ ಹತ್ತಿರ ಹೋದೆ. "ಕಾರಲ್ಲಿ ಅಯ್ಯನೋರವ್ರೆ, ಒಸಿ ನೀರು ಬೇಕಿತ್ತು," ಅಂದೆ. ಅಷ್ಟು ಅಂದದ್ದೇ ತಡ, ಬಾವಿಕಟ್ಟೆಯ ಹೆಂಗಸರೆಲ್ಲ ತುಂಬಿದ ಕೊಡ ಹೊತ್ತು ನನಗಿಂತ ಮುಂಚೆ ಓಡಿದರು. ಯಾರೋ ತಟ್ಟೆ ತಂದರು, ಯಾರೋ ವಿಭೂತಿ ತಂದರು. ಅಯ್ಯನವರ ಪಾದ ತಟ್ಟೆಯಲ್ಲಿರಿಸಿ, ಬಿಸಿಲಿಗೆ ಪಾತಾಳಕ್ಕಿಳಿದ ಬಾವಿಯಿಂದ ಸೇದಿದ ಅಷ್ಟೂ ನೀರನ್ನು ಅದರ ಮೇಲೆ ಹುಯ್ದರು. ಮಕ್ಕಳು ಮುದುಕರೆಲ್ಲ ಪಾದೋದಕ ತೆಗೆದುಕೊಂಡರು. ನಮ್ಮೆಜಮಾನರು ಕೈ ಮುಗಿದು, "ಕಾರಿಗೂ ಒಸಿ..." ಅಂದರೆ, "ಇರಿ ಸ್ವಾಮಿ, ಅಯ್ಯನೋರ ಪಾದಕ್ಕಾಗ್ಲಿ ಮೊದ್ಲು," ಅಂತ ಗದರಿದರು. ಕೊನೆಗೆ ಕಾರಿಗೆ ದಕ್ಕಿದ್ದು ಅರ್ಧ ಕೊಡ.

ಮುಂದಿನ ಹಳ್ಳಿಯಲ್ಲೂ ಇದೇ ಆಯಿತು. ಅಲ್ಲಿಂದ ಮುಂದಿನದರಲ್ಲೂ ಅಷ್ಟೇ. ಕಾರಿನ ಹೆಸರಲ್ಲಿ ಕೇಳಿದ ನೀರೆಲ್ಲ ಪಾದಕ್ಕೆ ಹೋಗುತ್ತಿತ್ತು. ಪಾದಕ್ಕೆ ಹುಯ್ದ ನೀರನ್ನು ಕಾರಿಗೆ ಹಾಕುವ ಮಾತೇ ಇಲ್ಲ. ಇತ್ತ ಕ್ಲೋಸ್‌ಪೇಟೆಯಲ್ಲಿ ನೆಂಟರೆಲ್ಲ ಹಸಿದು ಕೂತಿರುತ್ತಾರೆ. ಹೊತ್ತು ಮೇಲೇರಿ, ಇಳಿಯಲು ಶುರುವಾಗಿತ್ತು. ಆ ಹೆಂಗಸರ ಸಡಗರದ ನಡುವೆ ಖಾಲಿ ಕೊಡ ಹಿಡಿದು ನಿಂತಿದ್ದ ನನ್ನ ಕಣ್ಣಲ್ಲಿ ನೀರು ಬಂತು. ಅಯ್ಯನವರು ನೋಡಿಬಿಟ್ಟರು.

"ಯಾಕ್ ಮಗ?"

"ಕಾರಿಗೆ ನೀರಿಲ್ಲ ಬುದ್ದಿ."

ಅವರು ಕಾಲ ಕೆಳಗಿನ ತಟ್ಟೆ ತೋರಿಸಿದರು. "ಇದೇನು ಮತ್ತೆ? ಇದ್ನೇ ಹುಯ್ದ್ಬುಡು."

ಜನರೆಲ್ಲ ಹೌಹಾರಿದರು. ನನ್ನ ಕೈ ಮುಂದೆ ಹೋಗಲಿಲ್ಲ. "ಹುಯ್ಯಿ ಮಗ. ಈ ಬಿಸಿಲಲ್ಲಿ ಕೂತಿರೋನು ನಾನು," ಅಂತ ಅವರು ನಕ್ಕರು. ಗುರುಗಳ ಅಪ್ಪಣೆ. ತಟ್ಟೆಯ ನೀರನ್ನು ಕೊಡಕ್ಕೆ ಬಗ್ಗಿಸಿ, ವಿಭೂತಿ ಬಿಲ್ವಪತ್ರೆ ಸಮೇತ ಬರುವುದನ್ನು ಸೆರಗಿನಲ್ಲಿ ಸೋಸಿ, ಪೆಟ್ಟಿಗೆಗೆ ಹುಯ್ದೆ. ಮೇಲಿಂದ ತುಪ್ಪದ ಹಬೆ ಬಂತು. ಕೆಳಗೆ, ಪಂಪಿನಿಂದ, ಹನಿ ಬೀಳತೊಡಗಿತು.

ಗುಂಪಿನಿಂದ ಒಬ್ಬಳು ಮುದುಕಿ ಬಂದು ಕಾರಿನ ಮುಂದೆ ಮಂಡಿಯೂರಿದಳು. ಬಗ್ಗಿ, ಆ ಹನಿಯ ಕೆಳಗೆ ಬೊಗಸೆ ಒಡ್ಡಿದಳು.

"ಅಜ್ಜಿ, ಬ್ಯಾಡ ಕಣಜ್ಜಿ! ತುಕ್ಕಿನ ನೀರದು!" ಅಂತ ಅವಳ ತೋಳು ಹಿಡಿದೆ.

"ಅಯ್ಯನೋರ ಪಾದದ್ದು ಕಣವ್ವ. ಯಾವ್ ದಾರೀಲಿ ಬಂದ್ರೇನು?" ಅಂದಳು. ಕುಡಿದಳು. ಒದ್ದೆ ಕೈಯನ್ನು ಕಣ್ಣಿಗೆ, ತಲೆಗೆ ಒರೆಸಿಕೊಂಡಳು.

ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಎಲ್ಲರೂ ಬಂದರು. ಕಾರು ನಡಿಗೆಯ ವೇಗದಲ್ಲಿ ಹೊರಟರೆ ಜನ ಬಗ್ಗಿಕೊಂಡೇ ಜೊತೆಯಲ್ಲಿ ಬಂದರು. ಒಂದೂರಿನವರು ನಿಲ್ಲುವಷ್ಟರಲ್ಲಿ ಇನ್ನೊಂದೂರಿನವರು ಸುದ್ದಿ ತಿಳಿದು ಎದುರಿಗೆ ಬರುತ್ತಿದ್ದರು. ನಮ್ಮಪ್ಪನ ಕಾರಿನ ತುಕ್ಕು, ನಮ್ಮತ್ತೆಯ ಹಳಸಿದ ತುಪ್ಪ, ಅದರೊಳಗೆ ಇನ್ನೇನಿತ್ತೋ ದೇವರೇ ಬಲ್ಲ, ಎಲ್ಲವೂ ಆ ಬಡವರ ಹೊಟ್ಟೆಗೆ ಹೋಗುತ್ತಿತ್ತು. ಅವರು ನನಗೂ ಕೈ ಮುಗಿಯುತ್ತಿದ್ದರು. ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಕಾಲಿನ ಕಡೆ ನೋಡುತ್ತಾ ಕೂತಿದ್ದೆ.

ನಾವು ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಬೊಗಸೆಯೊಡ್ಡಿದ ಜನರ ನಡುವೆ, ಹಬೆ ಬಿಡುತ್ತಾ ಕಾರು ಬಂದದ್ದನ್ನು ನೋಡಿ ಅತ್ತೆಯ ಮುಖ ಒಂದು ಗಳಿಗೆ ಅರಳಿತ್ತು. ಅಷ್ಟರಲ್ಲಿ ನೆಂಟರ ಪೈಕಿ ಯಾರೋ, "ತುಪ್ಪದ ವಾಸನೆ ಬತ್ತಾ ಐತಲ್ಲ, ಊಟ ಕಾರಲ್ಲೇ ಬಂತಾ?" ಅಂದರು. ಹಸಿದ ಜನ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. ಪೂಜೆಯಾಯಿತು, ಊಟವಾಯಿತು, ಅಯ್ಯನವರನ್ನು ಊರವರ ಗಾಡಿಯಲ್ಲಿ ಬೀಳ್ಕೊಟ್ಟದ್ದಾಯಿತು. ಆಮೇಲೆ ಪಡಸಾಲೆಯಲ್ಲಿ, ಎಲ್ಲ ನೆಂಟರ ಮುಂದೆ, ನನ್ನನ್ನು ಕರೆದು ನಿಲ್ಲಿಸಿಕೊಂಡು ಅಂದರು:

"ನನ್ ಗಂಡನ ಎಡೆ ಆರಿ ತಣ್ಣಗಾಗೋ ಹಂಗೆ ಮಾಡ್ತು ಇವರಪ್ಪನ ಕಾರು. ಸೋರೋದು ಗೊತ್ತಿದ್ದೂ ತಗಲಾಕ್ಬುಟ್ಟ. ಯಾವ್ ದನದ ಚರ್ಬಿ ಮೆತ್ತಿದ್ನೋ ಏನೋ, ಅಯ್ಯನೋರ ಪಾದೋದಕ ಅದ್ರೊಳಕ್ಕೆ ಹೋಯ್ತಲ್ಲ!"

ನಮ್ಮೆಜಮಾನರು ಕಂಬಕ್ಕೊರಗಿ ಉಗುರು ನೋಡಿಕೊಳ್ಳುತ್ತಿದ್ದರು. ಆವತ್ತಿನಷ್ಟು ಸಿಟ್ಟು ಅವರ ಮೇಲೆ ನನಗೆ ಮತ್ತೆ ಯಾವತ್ತೂ ಬಂದಿಲ್ಲ.

ಈ ಮಾತು ಬೆಲ್ಲದ ಗಾಡಿಯವರ ಬಾಯಿಂದ ಚನ್ನಪಟ್ಟಣಕ್ಕೆ ಹೋಯಿತು. ಒಂದು ವಾರವಾಗಿರಬೇಕು, ಬೆಳಗಿನ ರೈಲಿಗೆ ಅಪ್ಪ ಬಂದ. ಹೆಗಲ ಮೇಲೆ ಗೋಣಿಚೀಲ. ಅದರೊಳಗೆ ಒಂದು ಪಂಪು. ಬೆಂಗಳೂರಿನಲ್ಲಿ ಇಂಥದ್ದೇ ಕಾರೊಂದು ಮುರಿದುಬಿದ್ದಿದೆ ಅಂತ ತಿಳಿದು, ಹೋಗಿ ಬಿಚ್ಚಿಕೊಂಡು ತಂದಿದ್ದ. ಬೀಗರ ಮನೆಗೆ ಬಂದವನು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, "ಸೋರಿದ್ದು ನಂದು ತಾಯಿ, ನಾನೇ ಸರಿ ಮಾಡಿ ಹೋಯ್ತೀನಿ," ಅಂದ. ಅತ್ತೆ ಹೂಬತ್ತಿ ಹೊಸೆಯುತ್ತಲೇ ಇದ್ದರು.

ಅಂಗಳದಲ್ಲಿ ಬೇಡ ಅಂತ ಅಪ್ಪ ಮತ್ತು ನಮ್ಮೆಜಮಾನರು ಕಾರನ್ನು ತಳ್ಳಿಕೊಂಡು ಹೊಳೆಯ ಕಡೆ ಹೊಂಗೆಮರದ ಕೆಳಗೆ ನಿಲ್ಲಿಸಿದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ನೀರು ಕೊಡುವ ನೆಪದಲ್ಲಿ ನಾನೂ ಹಿಂದೆ ಹೋದೆ. ಅಪ್ಪ ಪೆಟ್ಟಿಗೆಯ ನೀರು ಬಿಟ್ಟ, ಕೊಳವೆ ಕಳಚಿದ, ನಟ್ಟುಗಳನ್ನು ಒಂದೊಂದಾಗಿ ತೆಗೆದು ಟವಲಿನ ಮೇಲಿಟ್ಟು, ಹಳೆಯ ಪಂಪನ್ನು ಆಚೆ ಎಳೆದ. ನಾನು ಹೊಸೆದ ರೇಷ್ಮೆ ಕರ್ರಗಾಗಿ, ಜಡೆಯಾಗಿ ಅದರಿಂದ ಈಚೆ ಬಂತು. ಅಪ್ಪ ಅದನ್ನು ಪಕ್ಕಕ್ಕಿಟ್ಟ. ಕಂಬಿಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಬೆರಳನ್ನು ಅದರ ಮೇಲಿಟ್ಟ.

"ನೋಡು ಮಗ, ಇಲ್ಲಿ ಸವೆದು ಗಾಡಿ ಜಾಡು ಬಿದ್ದಂಗೆ ಬಿದ್ದೈತೆ. ಇದಕ್ಕೆ ಏನ್ ಸುತ್ತುದ್ರೂ ನಿಲ್ಲಲ್ಲ. ತುಪ್ಪನೂ ನಿಲ್ಲಲ್ಲ, ಇನ್ನೊಂದೂ ನಿಲ್ಲಲ್ಲ."

"ಅಲ್ಲಾಡ್ತಿತ್ತು ಅಪ್ಪ. ನಾನು ಹೇಳಿದ್ದೆ."

"ನೀನೇ ಕಂಡ್ಯಾ?" ಅಂದ. ಆವತ್ತು ಅವನ ಮುಖದಲ್ಲಿ ನಗು ಕಂಡದ್ದು ಅದೊಂದೇ ಸಲ.

ಹೊಸ ಪಂಪನ್ನು ಕೂರಿಸಿದ. ಎಣ್ಣೆ ಕುಡಿದ ದಪ್ಪ ಕಾಗದವನ್ನು ಅಳತೆಗೆ ಕತ್ತರಿಸಿ ನಡುವೆ ಇಟ್ಟು, ಎದುರು ಬದುರಿನ ನಟ್ಟುಗಳನ್ನು ಸಮವಾಗಿ ಬಿಗಿಯುತ್ತಾ ಬಂದ. ಕಂಬಿಗೆ ಹಗ್ಗ ಸುತ್ತುವುದೊಂದು ಉಳಿದಾಗ ಅಳಿಯನ ಕಡೆ ತಿರುಗಿ, ಹೊಳೆಯಿಂದ ತಿಳಿನೀರು ತರಬೇಕು ಅಂದ. ಅವರು ಕೊಡ ತೆಗೆದುಕೊಂಡು ಹೋದರು. ಅಪ್ಪ ಸೊಂಟದಿಂದ ಒಂದು ತಗಡಿನ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿದ್ದೇ ತಡ ಒಂಥರಾ ವಾಸನೆ ಬಂತು. ನಮ್ಮ ಮನೆಗಳಲ್ಲಿ ಎಂದೂ ಬಾರದ ವಾಸನೆ.

"ಆ ಕಡೆ ತಿರುಗ್ಕೊ ಮಗ," ಅಂದ.

ತಿರುಗಿಕೊಳ್ಳುವಷ್ಟರಲ್ಲಿ ನೋಡಿಬಿಟ್ಟೆ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಅಪ್ಪ ಮೊದಲು ಬೆನ್ನ ಕಡೆಗೆ ತಿರುಗಿಸಿಕೊಂಡ. ಆಮೇಲೆ ಡಬ್ಬಿಯೊಳಗೆ ಬೆರಳು ಹಾಕಿದ.

"ಅಪ್ಪ, ಮೊದ್ಲಿಂದಾನೂ ಇದೇನಾ ಇದ್ದದ್ದು?"

ಹಗ್ಗ ಸುತ್ತಿ, ನಟ್ಟು ಬಿಗಿದು ಮುಗಿದ ಮೇಲೆ ಹೇಳಿದ: "ಮೊದ್ಲು ಮೇಸ್ತ್ರಿ ಸುತ್ತೋನು, ನಾನು ಏನು ಅಂತ ಕೇಳ್ತಿರ್ಲಿಲ್ಲ. ಈ ಸಲ ಕೇಳಿ ತಂದೆ. ಇನ್ಮೇಲೆ ನಿನ್ನನ್ನ ಯಾರೂ ನಿಲ್ಲಿಸ್ಕೊಂಡು ಒಂದ್ ಮಾತಾಡ್ಬಾರ್ದು ಕಣವ್ವ."

ನೀರು ತುಂಬಿಸಿ ಇಂಜಿನ್ನು ಹಚ್ಚಿದರು. ಕೀರಲು ಸದ್ದಿಲ್ಲ. ನಾನು ನೆಲಕ್ಕೆ ಬಗ್ಗಿ ನೋಡುತ್ತಲೇ ಇದ್ದೆ. ಮಣ್ಣು ಒಣಗಿಯೇ ಇತ್ತು.

ಕಾರು ತಾನಾಗಿ ಓಡಿಕೊಂಡು ಅಂಗಳಕ್ಕೆ ಬಂದಾಗ ಅತ್ತೆ ಮೊದಲ ಸಲ ಬಾಯಿ ತೆರೆದರು. "ಏನ್ ಸುತ್ತುದ್ರಿ ಬೀಗ್ರೆ?"

ಅಪ್ಪ ನೆಲ ನೋಡುತ್ತಾ ಅಂದ: "ತುಪ್ಪನೇ ತಾಯಿ. ಪಂಪು ಸವೆದಿತ್ತು, ಅಷ್ಟೆಯ. ತುಪ್ಪದ್ದೇನೂ ತಪ್ಪಿರ್ಲಿಲ್ಲ."

ಅತ್ತೆ ಗೆದ್ದರು. ಗೆದ್ದವರ ಧಾರಾಳದಲ್ಲಿ ಕೈಕಾಲಿಗೆ ನೀರು ಕೊಡಿಸಿದರು, ತಾವೇ ನಿಂತು ಎಲೆ ಹಾಕಿಸಿ ಬಡಿಸಿದರು. ಮುದ್ದೆ, ಅವರೆಕಾಳಿನ ಸಾರು, ಮೇಲೆ ಅವರ ಆ ತುಪ್ಪ. ಹಿತ್ತಿಲಲ್ಲಿ ಅಪ್ಪ ಬೂದಿ ಹಾಕಿ ಕೈ ಉಜ್ಜಿದ, ಸೀಗೆಪುಡಿ ಹಾಕಿ ಉಜ್ಜಿದ, ಮತ್ತೆ ಬೂದಿ ಕೇಳಿದ. ಬೆರಳು ಮೂಸಿ ನೋಡಿಕೊಂಡ. ಒಳಗೆ ಬಂದು ಎಲೆಯ ಮುಂದೆ ನಿಂತವನು ಕೂರಲಿಲ್ಲ.

"ಇವತ್ತು ನಂದೊಂದು ಉಪವಾಸ ತಾಯಿ. ಮರ್ತಿದ್ದೆ," ಅಂದ. ಅತ್ತೆ ಎಷ್ಟು ಬಲವಂತ ಮಾಡಿದರೂ ಕೇಳದೆ, ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಹೊರಟುಹೋದ. ನನ್ನ ಮುಖ ನೋಡಲಿಲ್ಲ.

ಆವತ್ತು ಅವನಿಗೆ ಯಾವ ಉಪವಾಸವೂ ಇರಲಿಲ್ಲ. ಬೆಳಗಿನ ರೈಲಿಗೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದ.

"ಎಂಥಾ ಭಕ್ತ ನಿಮ್ಮಪ್ಪ," ಅಂದರು ಅತ್ತೆ, ಅವನು ಹೋದ ದಾರಿ ನೋಡುತ್ತಾ. ನಿಜವಾಗಿಯೇ ಮೆಚ್ಚಿ ಅಂದರು. ಆಮೇಲೆ, "ಬಡಿಸಿದ್ದು ಹಾಳಾಗೋದು ಬ್ಯಾಡ, ಎಲೆ ಎತ್ತಿ ಹಸುಗೆ ಹಾಕವ್ವ," ಅಂದರು.

ಎಲೆ ಎತ್ತಿಕೊಂಡು ಕೊಟ್ಟಿಗೆಗೆ ಹೋದೆ. ಹಸು ಮೂತಿ ಮುಂದಕ್ಕೆ ಚಾಚಿ ನನ್ನನ್ನೇ ನೋಡಿತು. ಅದರ ಮುಖ ನೋಡಲಾಗದೆ, ಎಲೆಯನ್ನು ಕೆಳಗಿಟ್ಟು ಬಂದುಬಿಟ್ಟೆ.